ಮುಯ್ಯಿ ಅಂದ ಮ್ಯಾಲ ಬರಬೇಕಲ್ರಿ ಧಣ್ಯಾರ

ಕೊಪ್ಪಳದ ಆ ಸಭಾಭವನದ ಹಿಂದ ಕೈ ತೊಳಿಯೋ ನಳ ಐತಿ. ಉಂಡವರು ತಾಟು ಅಲ್ಲೇ ಝಾಡಿಸ್ತಾರ. ಹಿಂಗಾಗಿ ನಳದ ಬುಡಕ್ಕ, ಸಿಮೆಂಟಿನ ಬಿರುಕಿನ್ಯಾಗ, ಯಾರೂ ಹಚ್ಚದ ಒಂದು ಟಮಾಟಿ ಗಿಡ ಎದ್ದಿತ್ತು. ಮೊನ್ನೆ ಕೈ ತೊಳಿಯಾಕ ಬಗ್ಗಿದಾಕಿ ಸುಮ್ನಿರಲಾರದ ಅದರ ಎಲಿ ಒಂದು ಚಿವುಟಿದೆ. ಯವ್ವಾ, ಆ ವಾಸ್ನಿ! ಹಸೀ ಹಸೀ, ಖಾರ ಖಾರ, ಬೆರಳಿಗೆ ಹತ್ತಿದ್ರ ಸಾಬೂನಿಗೂ ಜಗ್ಗಂಗಿಲ್ಲ. ಅಲ್ಲೇ ನಿಂತು ಬೆರಳು ಮೂಸ್ಕೋತ ಉಳದೆ.

ಒಳಗ ಮೈಕಿನ್ಯಾಗ ಯಾರೋ ದೊಡ್ಡವರು ಹೊಸ ಕಾರ್ಮಿಕ ಕಾನೂನಿನ ಬಗ್ಗೆ ಭಾಷಣ ಮಾಡಾಕತ್ತಿದ್ರು. "ಮಾಲೀಕ ಮತ್ತು ಕಾರ್ಮಿಕರ ನಡುವಿನ ಬಾಂಧವ್ಯ" ಅನ್ನೋ ಮಾತು ಘಳಿಗಿಗೊಮ್ಮೆ ಬರ್ತಿತ್ತು. ಬಾಂಧವ್ಯ ಅಂತ! ಏನೋ ಇಬ್ರೂ ಕೂಡಿ ಬೀಗತನ ಮಾಡಿದಂಗ. ಮೂಗಿನ್ಯಾಗ ಆ ವಾಸ್ನಿ, ಕಿವ್ಯಾಗ ಈ ಮಾತು. ನನಗ ಸಿಟ್ಟೂ ಬಂತು, ನಗೂನೂ ಬಂತು. ಇಂಥದ್ದ ಒಂದು ಸಭೆಯೊಳಗ ನಮ್ಮ ದುರಗವ್ವ ಚಿಗವ್ವ ಎದ್ದು ನಿಂತಿದ್ದ ಆ ಚಳಿಗಾಲ ಕಣ್ಮುಂದ ಬಂತು.

ಆ ವರ್ಷ ನಾ ಬಿ.ಎ. ಮುಗಿಸಿ ಮನ್ಯಾಗ ಕುಂತಿದ್ದೆ. ಕುಂತಿದ್ದೆ ಅಂತ ಮಂದಿ ಅಂತಿದ್ರು, ನಮ್ಮಂಥವರ ಮನ್ಯಾಗ ಕುಂಡ್ರಾಕ ಯಾರು ಬಿಡ್ತಾರ? ಕುಷ್ಟಗಿಯಿಂದ ಯಲಬುರ್ಗಾಕ್ಕ ಹೋಗೋ ದಾರ್ಯಾಗ ನಮ್ಮೂರು. ಗಂಗಾವತಿ ಕಡೆಯವರಿಗೆ ಕಾಲುವಿ ನೀರು, ಭತ್ತ, ರೈಸ್ ಮಿಲ್ಲು ಅದಾವ. ನಮ್ಮ ಕಡೆ ಬೋರಿನ ನೀರು, ಕರೀ ಭೂಮಿ, ಮತ್ತ ಬೀಜದ ಪ್ಲಾಟು. ದಸರಾ ಮುಗಿದ ಮ್ಯಾಲ ಊರಿನ ಹೆಂಗಸರೆಲ್ಲಾ ಟ್ರ್ಯಾಕ್ಟರ್ ಹತ್ತಿ ಕ್ರಾಸಿಂಗಿಗೆ ಹೋಗೋರು. ನಾನೂ ಹೋದೆ.

ಕ್ರಾಸಿಂಗ್ ಅಂದ್ರ ಏನಂತ ಗೊತ್ತಿಲ್ಲದವರಿಗೆ ಹೇಳ್ತೀನಿ. ನೀವು ಪೇಟ್ಯಾಗ ಪಾಕೀಟು ಕೊಳ್ಳೋ ಹೈಬ್ರಿಡ್ ಟಮಾಟಿ ಬೀಜ ಐತಲ್ಲ, ಅದು ಗಾಳಿ ಮಾಡಿದ್ದಲ್ಲ, ದುಂಬಿ ಮಾಡಿದ್ದಲ್ಲ. ಹೆಂಗಸರ ಕೈ ಮಾಡಿದ್ದು. ಸಂಜಿ ಮುಂದ ನಾಳೆ ಅರಳೋ ಮೊಗ್ಗಿ ಹುಡುಕಿ, ಚಿಮಟಿಲೆ ಬಿಡಿಸಿ, ಒಳಗಿನ ಗಂಡು ಕೇಸರ ಕಿತ್ತು ತೆಗೀಬೇಕು. ಮರುದಿನ ಮುಂಜಾನಿ ಬ್ಯಾರೆ ಸಾಲಿನ ಗಂಡು ಹೂವಿನ ಪುಡಿ ತಂದು ಅದಕ್ಕ ಮುಟ್ಟಿಸಬೇಕು. ಮುಟ್ಟಿಸಿದ ಗುರುತಿಗೆ ಹೂವಿನ ಬುಡದ ಹಸರು ಎಸಳು ಎರಡು ಕತ್ತರಿಸಬೇಕು. ಕಾಯಿ ಬಲಿತು ಕೆಂಪಗಾದ್ರೂ ಆ ಕತ್ತರಿ ಗುರುತು ಹೋಗಂಗಿಲ್ಲ. ಒಂದು ಮುಂಜಾನಿ ಕೈ ತಪ್ಪಿದ್ರ ಹೂ ಉದರಿ ಹೋಕ್ಕೈತಿ; ಸಂಜಿ ಕೈ ತಪ್ಪಿದ್ರ ಹೂ ತನ್ನಷ್ಟಕ್ಕ ತಾನು ಕಾಯಿ ಕಟ್ಟತೈತಿ, ಅಂಥಾ ಕಾಯಿ ಬೀಜ ಕೊಳ್ಳೋ ಕಂಪ್ನಿ ಒಗಸ್ತೈತಿ.

ಇದೆಲ್ಲಾ ನಡೆಯೋದು ನೆಟ್ಟಿನ್ಯಾಗ. ಸುತ್ತಲೂ ಮ್ಯಾಲೂ ಬಿಳೀ ಪರದಿ, ಬರಾಕ ಎರಡು ಬಾಗಲಾ. ಒಂದು ಹಾಕಿದ ಮ್ಯಾಲನ ಇನ್ನೊಂದು ತೆಗೀಬೇಕು, ಹುಳ ಬರಬಾರದಂತ. ಒಮ್ಮೆ ಹೊಕ್ಕರ ಊಟದ ಹೊತ್ತಿನ ತನಕ ಹೊರಗ ಬಿಡಂಗಿಲ್ಲ. ತಂಬಾಕು ಮುಟ್ಟಿದ ಕೈಲೆ ಗಿಡಾ ಮುಟ್ಟಿದ್ರ ಅದಕ್ಕ ರೋಗ ಬರ್ತೈತಂತ, ಬಾಗಿಲದಾಗ ಮುದುಕ್ಯಾರ ಎಲಿ-ಅಡಕಿ ಸಂಚಿ ಇಸ್ಕೊಂಡು, ಕೈ ತಿಕ್ಕಿ ತೊಳಿಸಿ ಒಳಗ ಬಿಡ್ತಿದ್ರು. ಗಿಡದ ಎಲಿ ಒಂದು ಮುದುಡಿದ್ರ ಕಂಪ್ನಿಯವರು ಜೀಪಿನ್ಯಾಗ ಓಡಿ ಬರ್ತಿದ್ರು. ಅಷ್ಟು ಕಾಳಜಿ ಗಿಡದ ಮ್ಯಾಲ.

ಅಷ್ಟು ಹೆಂಗಸರಿಗೆ ಒಂದು ಪಾಯಖಾನಿ ಮಾತ್ರ ಇರ್ಲಿಲ್ಲ.

ಸುತ್ತಮುತ್ತ ಎಲ್ಲಾ ಬಯಲು. ಒಂದು ಕಡೆ ಡಾಂಬರ ರಸ್ತೆ, ಇನ್ನೊಂದು ಕಡೆ ಬೋರಿನ ಕೋಣಿ, ಅಲ್ಲಿ ಗಂಡಸರ ಹರಟಿ. ಮರಿ ಆಗಾಕ ಒಂದು ಜಾಲಿ ಗಿಡನೂ ಇಲ್ಲ. ಊಟದ ಹೊತ್ತಿಗೆ ಹೊರಗ ಬಿಟ್ರ ನಾವು ಐದಾರು ಮಂದಿ ಸೆರಗು ಹಿಡದು, ಬೆನ್ನು ತಿರುವಿ ದುಂಡಕ ನಿಂತು, ನಡುವ ಒಬ್ಬೊಬ್ಬರ ಕುಂತು ಏಳೋದು. ನೆಟ್ಟಿನೊಳಗ ಇದ್ದಾಗ ಅದೂ ಇಲ್ಲ. ಸುಪರ್‌ವೈಜರ ಹುಡುಗ ಏನಂತಿದ್ದ ಗೊತ್ತೇನ್ರಿ? "ನೀರು ಕಮ್ಮಿ ಕುಡೀರವ್ವಾ, ಆವಾಗ ತ್ರಾಸ ಆಗಂಗಿಲ್ಲ." ಅವನ ಬಾಯಾಗ ಮಣ್ಣು ಹಾಕ! ನಾವು ಹಂಗ ಮಾಡ್ತಿದ್ವಿ. ಮುಂಜಾನಿಂದ ಬಾಯಿಗೆ ಹನಿ ನೀರು ಹಾಕದ ಹೋಗ್ತಿದ್ವಿ. ಹೆಂಗಸಾಗಿ ಹುಟ್ಟಿದ ಮ್ಯಾಲ ತಡಕೋಬೇಕು ಅಂತ ನಮ್ಮಷ್ಟಕ್ಕ ನಾವ ಅನ್ಕೊಂಡಿದ್ವಿ.

ರೇಣವ್ವ ನನ್ನ ಸಾಲಿನ ಪಕ್ಕದ ಸಾಲಿನಾಕಿ. ಬಸರಿ ಇದ್ಲು. ಬಸರಿ ಹೆಂಗಸಿಗೆ ಘಳಿಗಿ ಘಳಿಗಿಗೆ ಹೋಗಬೇಕನಸ್ತೈತಿ, ಅದಕ್ಕಂತ ಆಕಿ ಎಲ್ಲಾರಿಗಿಂತ ಕಮ್ಮಿ ನೀರು ಕುಡೀತಿದ್ಲು. ಒಂದಿನ ಬಿಸಿಲು ಏರಿದ ಹೊತ್ತಿನ್ಯಾಗ, ಚಿಮಟಿ ಕೈಯಾಗ ಹಿಡಕೊಂಡ ನಿಂತಲ್ಲೇ ವಾಲಿ, ಎರಡು ಗಿಡಾ ಮುರಕೊಂಡು ಬಿದ್ಲು. ಸುಪರ್‌ವೈಜರ ಓಡಿ ಬಂದು ಒದರಿದ್ದೇನು? "ಗಿಡಾ! ಗಿಡಾ ನೋಡ್ರಿ!"

ನನಗ ಇವತ್ತಿಗೂ ಆ ಒದರಿದ್ದು ಕಿವ್ಯಾಗ ಐತಿ. ನೆನಸಿದ್ರ ಮೈ ಉರೀತೈತಿ.

ದುರಗವ್ವ ಚಿಗವ್ವ ಅಂದ್ರ ನಮ್ಮವ್ವನ ತಂಗಿ, ನಮ್ಮ ಗುಂಪಿಗೆ ಹಿರೇಳು. ಕುಳ್ಳಗ, ಕರ್ರಗ, ಹಣಿ ತುಂಬ ಕುಂಕುಮ. ಸಿಟ್ಟು ಬಂದಾಗ ಆಕಿ ಒದರಂಗಿಲ್ಲ, ದನಿ ಸಣ್ಣದು ಮಾಡ್ತಾಳ, ಅದಕ್ಕ ಎಲ್ಲಾರೂ ಅಂಜತಿದ್ವಿ. ರೇಣವ್ವನ ಮುಖಕ್ಕ ನೀರು ಹೊಡದು ಎಬ್ಬಿಸಿ, ಟ್ರ್ಯಾಕ್ಟರಿನ್ಯಾಗ ದವಾಖಾನಿಗೆ ಕಳಿಸಿ, ಚಿಗವ್ವ ಸೀದಾ ಬಸಣ್ಣ ಧಣಿ ಹಂತ್ಯಾಕ ಹೋದ್ಲು. ಪ್ಲಾಟು ಅವಂದು, ಊರಾಗ ಅರ್ಧ ಹೊಲಾನೂ ಅವಂದ.

"ಧಣ್ಯಾರ, ಒಂದು ಪಾಯಖಾನಿ ಕಟ್ಟಸ್ರಿ. ತಗಡಿಂದಾದ್ರೂ ನಡೀತೈತಿ."

"ನಾಕು ತಿಂಗಳ ಕೆಲಸಕ್ಕ ಪಾಯಖಾನಿ ಕಟ್ಟಸ್ಲೇನು ದುರಗವ್ವಾ? ನಾಳಿ ಫ್ಯಾನು ಕೇಳ್ತೀರಿ" ಅಂತ ನಕ್ಕ ಧಣಿ. "ಆ ಬಸರಿ ಹುಡುಗೀನ ನಾಳಿಂದ ಕರ್ಕೊಂಡು ಬರಬ್ಯಾಡ. ಹೆಚ್ಚು ಕಮ್ಮಿ ಆದ್ರ ನನ್ನ ತಲಿಗೆ ಬರ್ತೈತಿ."

ಹಿಂಗ ರೇಣವ್ವನ ಕೆಲಸನೂ ಹೋತು. ಆಕಿ ಗಂಡ ಮುನಿರಾಬಾದ್ ಕಡೆ ಸೆಂಟ್ರಿಂಗ್ ಕೆಲಸಕ್ಕ ಹೋದವ ತಿಂಗಳಿಗೊಮ್ಮೆ ಬರ್ತಿದ್ದ. ಮನಿ ನಡೀತಿದ್ದದ್ದು ಈಕಿ ಕೈ ಮ್ಯಾಲ. "ನನ್ನ ಸಲುವಾಗಿ ನೀವ್ಯಾರೂ ಜಗಳಾಡಬ್ಯಾಡ್ರಿ" ಅಂತ ಅತ್ಲು ಹುಡುಗಿ. ಚಿಗವ್ವ ಸಣ್ಣ ದನೀಲೆ ಅಂದ್ಲು: "ನಿನ್ನ ಸಲುವಾಗಿ ಅಲ್ಲಲೇ ಹುಚ್ಚಿ. ನನ್ನ ಸಲುವಾಗಿ. ಪಾಯಖಾನಿ ಆಗಬೇಕು, ನೀ ಒಳಗ ಬರಬೇಕು. ಹುಲಿಗೆಮ್ಮನಾಣಿ, ಎರಡರಾಗ ಒಂದೂ ಬಿಡಂಗಿಲ್ಲ ನಾನು."

ಗುಂಪಿನ್ಯಾಗ ಅಕ್ಷರ ಕಲ್ತಾಕಿ ನಾನ. ಅರ್ಜಿ ಬರದೆ. ಚಿಗವ್ವನ ಕರ್ಕೊಂಡು ಕೊಪ್ಪಳಕ್ಕ ಹೋಗಿ ಕಾರ್ಮಿಕ ಇಲಾಖೆ ಸಾಹೇಬ್ರ ಕೈಯಾಗ ಕೊಟ್ಟೆ. ಸಾಹೇಬ್ರು ಕೆಟ್ಟವರೇನಲ್ಲ, ಕುಂಡ್ರಿಸಿ ಚಾ ಕುಡಿಸಿದ್ರು. ಆದ್ರ ಕೇಳಿದ್ದು ಒಂದ ಮಾತು: "ನೀವು ಅವರ ಕೆಲಸಗಾರರು ಅಂತ ಅವರು ಒಪ್ಪತಾರೇನಮ್ಮ?" ಒಪ್ಪದೇನು ಮಾಡ್ತಾರ್ರಿ, ದಿನಾ ಅವರ ಹೊಲದಾಗ ಇರ್ತೀವಿ ಅಂದೆ. ಸಾಹೇಬ್ರು ನಕ್ಕು, "ಅಷ್ಟು ಸರಳ ಇಲ್ಲ" ಅಂದ್ರು.

ಅದ ದಿನಮಾನದಾಗ ಬೀಜದ ಪ್ಲಾಟಿನ ಹೆಂಗಸರ ಬಗ್ಗೆ ತಿಳಕೊಳ್ಳಾಕ ಯೂನಿವರ್ಸಿಟಿಯಿಂದ ಒಬ್ರು ಮೇಡಂ ನಮ್ಮೂರಿಗೆ ಬರ್ತಿದ್ರು. ದಪ್ಪ ಕನ್ನಡಕ, ಹತ್ತಿ ಸೀರಿ, ನಮ್ಮ ಜೋಡಿ ಕಟ್ಟಿ ಮ್ಯಾಲ ಕುಂತು ಶೇಂಗಾ ಒಡೀತಿದ್ರು. ಅವರು ಹೇಳಿದ್ರು: "ಮುಂದಿನ ವಾರ ಕುಷ್ಟಗಿಯ ಕಾಲೇಜಿನಲ್ಲಿ ಹೊಸ ಕಾರ್ಮಿಕ ಸಂಹಿತೆಗಳ ಮೇಲೆ ವಿಚಾರ ಸಂಕಿರಣ ಇದೆ. ಅಧಿಕಾರಿಗಳೂ ಬರುತ್ತಾರೆ. ನೀವೆಲ್ಲ ಬನ್ನಿ. ಪ್ರಶ್ನೆ ಕೇಳಲು ಅವಕಾಶ ಇರುತ್ತದೆ, ನಾನು ನೋಡಿಕೊಳ್ಳುತ್ತೇನೆ."

ಒಂದಿನದ ಕೆಲಸ ಬಿಟ್ಟು ಹೋದ್ವಿ. ರೇಣವ್ವನೂ ಬಂದ್ಲು. ಹೆಂಗಸರು ಸಂತಿಗೆ ಉಡೋ ಸೀರಿ ಉಟ್ಟು, ರೊಟ್ಟಿ ಗಂಟು ಕಟ್ಟಿಕೊಂಡು ಬಸ್ಸು ಹತ್ತಿದ್ರು. ಅಲ್ಲಿ ನೋಡ್ತೀವಿ, ಬ್ಯಾನರಿನ ಕೆಳಗ ದಪ್ಪ ಅಕ್ಷರದಾಗ ಊಟದ ವ್ಯವಸ್ಥೆ ಮಾಡಿದವರ ಹೆಸರು ಐತಿ. ಯಾರದಂತೀರಿ? ನಮ್ಮ ಬಸಣ್ಣ ಧಣೀದು! ಮ್ಯಾಲ ವೇದಿಕಿ ಮ್ಯಾಲ, ಶಾಲು ಹೊದ್ದು, ಅರ್ಜಿ ಇಸ್ಕೊಂಡ ಸಾಹೇಬ್ರ ಮಗ್ಗಲಾಗ ಕುಂತಾನ. ಕಾರ್ಮಿಕರ ಹಕ್ಕಿನ ಸಭಾಕ್ಕ ಅವನ ಊಟ! ನಾ ಓದಿ ಹೇಳಿದ್ದ ತಡ, ಹೆಂಗಸರು ಸೆರಗು ಬಾಯಿಗೆ ಹಿಡಕೊಂಡು ಕಿಸಿಕಿಸಿ ನಕ್ರು. ಅಷ್ಟರಾಗ ಸಂಘಟಕ ಒಬ್ಬ ಬಂದು, "ಅಡಗಿಯವರು ಹಿಂದಿನ ಬಾಗಿಲಿಂದ ಬರ್ರಿ, ಪಲ್ಯ ಇನ್ನೂ ಹೆಚ್ಚಿಲ್ಲ" ಅಂದ. ಚಿಗವ್ವ ಅವನ ಮಾರಿ ನೋಡಿ, "ತಮ್ಮಾ, ಸಭಾ ನಮ್ಮ ಬಗ್ಗೆ ಐತಿ. ನಾವು ಮುಂದ ಕುಂಡ್ರೋರು" ಅಂದು, ಖಾಲಿ ಇದ್ದ ಎರಡನೇ ಸಾಲು ಹಿಡದ ಬಿಟ್ಲು.

ಭಾಷಣ ಶುರು ಆದ್ವು. ಖರೆ ಹೇಳ್ತೀನಿ, ಅರ್ಧ ನನಗೂ ತಿಳೀಲಿಲ್ಲ. ನಮ್ಮ ಮೇಡಂ ಮಾತ್ರ ತಿಳಿಯೋಹಂಗ ಹೇಳಿದ್ರು. "ಕಾನೂನು ನಿಮಗೇನು ಬೇಕು ಅಂತ ಮೊದಲು ಕೇಳುವುದಿಲ್ಲ. ನೀವು ಯಾರು, ನಿಮ್ಮ ಮಾಲೀಕ ಯಾರು ಅಂತ ಕೇಳುತ್ತದೆ. ಆ ಉತ್ತರ ಸಿಗದವರಿಗೆ ಅದು ಬಾಗಿಲೇ ತೆಗೆಯುವುದಿಲ್ಲ. ಹೊಲದಲ್ಲಿ ದುಡಿಯುವ ಹೆಣ್ಣುಮಕ್ಕಳು ಇವತ್ತಿಗೂ ಆ ಬಾಗಿಲ ಹೊರಗೇ ನಿಂತಿದ್ದಾರೆ" ಅಂದ್ರು. ಇನ್ನೊಬ್ರು, ಮುಷ್ಕರ ಮಾಡೋರು ಮೊದ್ಲ ನೋಟೀಸು ಕೊಡಬೇಕು ಅಂತ ಹೊಸ ಕಾನೂನಿನ್ಯಾಗ ಐತಿ, ಅದು ಸರಿ ಐತಿ ಅಂದ್ರು. ಮತ್ತೊಬ್ಬ ಎದ್ದು, ಪುಕ್ಕಟೆ ಅಕ್ಕಿ ತಿಂದು ಮಂದಿ ಮೈಗಳ್ಳರಾಗ್ಯಾರ, ಆಳು ಸಿಗವಲ್ರು, ಅದರ ಬಗ್ಗೆ ಕಾನೂನು ಏನನ್ನತೈತಿ ಅಂದ. ಅವನಿಗೆ ಜೋರು ಚಪ್ಪಾಳಿ ಬಿತ್ತು. ಚಿಗವ್ವ ತನ್ನ ಕೈ ನೋಡಿಕೊಂಡ್ಲು. ಟಮಾಟಿ ಎಲಿ ರಸಕ್ಕ ಬೆರಳೆಲ್ಲಾ ಕರ್ರಗ ಹಸರಾಗಿದ್ವು. ನನಗ ಅಳು ಬರೋವಷ್ಟು ಸಿಟ್ಟು ಬಂದಿತ್ತು.

ಕಡೀಕ ಮೇಡಂ ಹಟ ಹಿಡದು ಮೈಕು ನಮಗ ಕೊಡಿಸಿದ್ರು. ನಾ ಎದ್ದು ನಿಂತು, ಅರ್ಜ್ಯಾಗ ಬರದದ್ದೆಲ್ಲಾ ಹೇಳಿದೆ: ನೆಟ್ಟು, ನೀರು, ರೇಣವ್ವ ಬಿದ್ದದ್ದು, ಆಕೀನ ಬಿಡಿಸಿದ್ದು. ಸಾಹೇಬ್ರು ಧಣಿ ಕಡೆ ತಿರುಗಿ, "ನಿಮ್ಮ ಅಭಿಪ್ರಾಯ ಹೇಳ್ರಿ" ಅಂದ್ರು.

ಬಸಣ್ಣ ಧಣಿ ಶಾಲು ಸರಿ ಮಾಡಿಕೊಂಡು ಎದ್ದ. ಮುಖದ ತುಂಬ ನಗಿ.

"ನೋಡ್ರಿ ಸಾಹೇಬ್ರ, ಇದೆಲ್ಲಾ ಪ್ಯಾಟಿ ಮಾತು. ನಮ್ಮ ಹಳ್ಳ್ಯಾಗ ಮಾಲೀಕ ಅಂತಿಲ್ಲ, ಕಾರ್ಮಿಕ ಅಂತಿಲ್ಲ. ಇವರೆಲ್ಲಾ ನಮ್ಮ ಅಕ್ಕ-ತಂಗೇರು. ಹಿರೇರ ಕಾಲದಿಂದ ನಡದು ಬಂದದ್ದು ಮುಯ್ಯಾಳು ಪದ್ಧತಿ. ನಮ್ಮ ಹೊಲಕ್ಕ ಇವರು ಬರ್ತಾರ, ಇವರ ಹೊಲಕ್ಕ ನಾವು ಹೋಗ್ತೀವಿ. ನಾ ಏನಾದ್ರೂ ಕೈಗೆ ಕೊಟ್ಟಿದ್ರ ಅದು ಪ್ರೀತೀಲೆ ಎಲಿ-ಅಡಕಿಗೆ ಕೊಟ್ಟದ್ದು. ಇದರಾಗ ಕಾನೂನು ಎಲ್ಲಿ ಬರ್ತೈತಿ?"

ಚಪ್ಪಾಳಿ ಅಂದ್ರ ಚಪ್ಪಾಳಿ. ಹಳ್ಳಿ ಸಂಸ್ಕೃತಿ ಅಂತ ಯಾರೋ ಅಂದ್ರು. ಸಾಹೇಬ್ರ ಮುಖದ ಮ್ಯಾಲ ಗಂಟು ಬಿಚ್ಚಿದಂಗಾತು. ಮುಯ್ಯಾಳು ಅಂದ್ರ ಮಾಲೀಕ ಇಲ್ಲ, ಮಾಲೀಕ ಇಲ್ಲ ಅಂದ್ರ ಅರ್ಜಿ ಇಲ್ಲ. ನಾ ಮೇಡಂ ಕಡೆ ನೋಡಿದೆ. ಅವರು ತಲಿ ತಗ್ಗಿಸಿದ್ರು. ಎಲ್ಲಾ ಮುಗೀತು ಅನ್ಕೊಂಡೆ ನಾನು.

ಚಿಗವ್ವ ಎದ್ಲು. ಮೈಕು ಬ್ಯಾಡಂದ್ಲು.

"ಧಣ್ಯಾರ, ನೀವು ಅಂದದ್ದು ಭಾಳ ಛಲೋ ಆತು. ಮುಯ್ಯಾಳಿಗೆ ಬಂದೀವಿ ನಾವು, ಹೌದಲ್ರಿ?"

"ಹೌದವ್ವಾ."

"ಹಂಗಾದ್ರ ನಮ್ಮ ಮುಯ್ಯಿ ನಿಮ್ಮ ಮ್ಯಾಲ ಐತಿ. ಕಡ್ಲಿ ಬಂದೈತ್ರಿ ನಂದು. ಕೀಳಾಕ ಎಂದು ಬರ್ತೀರಿ?"

ಸಭಾ ಎಲ್ಲಾ ಘೊಳ್ ಅಂತ ನಕ್ತು. ಧಣೀನೂ ನಕ್ಕ. ನಗೋದ ಬಿಟ್ಟು ಏನು ಮಾಡ್ತಾನ ಅಷ್ಟು ಮಂದ್ಯಾಗ? "ಬರ್ತೀನಿ ತಗೋ ದುರಗವ್ವಾ, ಯಾವಾಗ ಕರದ್ರೂ ಬರ್ತೀನಿ" ಅಂದ್ಬಿಟ್ಟ. ಅವನ ತಪ್ಪು ಅಲ್ಲೇ ಆತು. ಮಂದಿ ಮುಂದ ಬರ್ತೀನಂದ.

ಹೊರಗ ಬರುವಾಗ ಧಣೀ ಕಡೆಯವ ಒಬ್ಬ ಅಡ್ಡ ನಿಂತು, "ಉಂಡ ಮನಿ ಜಂತಿ ಎಣಿಸ್ತೀರೇನು? ಊಟ ಅವರದು, ಬೈಯ್ಯೋದೂ ಅವರಿಗೆ?" ಅಂದ. ಚಿಗವ್ವ ಬಗಲಾಗಿನ ಗಂಟು ಎತ್ತಿ ತೋರಿಸಿ, "ಅವರದು ಉಂಡಿಲ್ಲಪ್ಪಾ, ರೊಟ್ಟಿ ನಾವ ತಂದೀವಿ. ನೀನೂ ಬಾ, ಶೇಂಗಾ ಹಿಂಡಿ ಐತಿ" ಅಂದ್ಲು. ಕಾಲೇಜಿನ ಬೇವಿನ ಗಿಡದ ಬುಡಕ ಕುಂತು ಉಂಡ್ವಿ. ಮೇಡಂ ಬಂದು ನಮ್ಮ ಜೋಡಿನ ಕುಂತ್ರು. "ಈಗ ಏನು ಮಾಡ್ತೀರಿ ದುರಗಮ್ಮ?" ಅಂದ್ರು. "ಮುಯ್ಯಿ ಕರಿಯಾಕ ಹೋಗ್ತೀವ್ರಿ" ಅಂದ್ಲು ಚಿಗವ್ವ.

ಮುಯ್ಯಿ ಅಂದ್ರ ನಮ್ಮಲ್ಲಿ ಮಕ್ಕಳಾಟ ಅಲ್ಲ. ಇವತ್ತು ನಿನ್ನ ಹೊಲಕ್ಕ ನಾನು, ನಾಳಿ ನನ್ನ ಹೊಲಕ್ಕ ನೀನು. ಕರಿಯಾಕ ಬಂದ್ರ ಹೋಗಬೇಕು. ಜ್ವರ ಬಂದ್ರ ಬದಲಿ ಮನ್ಯಾಗಿನವರನ್ನ ಕಳಿಸಬೇಕು. ಮುಯ್ಯಿ ತೀರಿಸದ ಮನಿ ಹೊಲಕ್ಕ ಊರಾಗ ಯಾರೂ ಕಾಲಿಡಂಗಿಲ್ಲ. ಇದು ಯಾವ ಕಾನೂನಿನ್ಯಾಗೂ ಬರದಿಲ್ಲ, ಬರಿಯೋದು ಬೇಕಾಗೂ ಇಲ್ಲ.

ಮರುದಿನ ಮುಂಜಾನಿ ನಾವೆಲ್ಲಾ ಕೂಡಿ ಧಣಿ ವಾಡೆಕ್ಕ ಹೋದ್ವಿ, ಬಾಗಲದಾಗ ನಿಂತು ರಿವಾಜಿನ ಪ್ರಕಾರ ಕರದ್ವಿ. "ಇವತ್ತಿಂದ ಕಡ್ಲಿ ಕೀಳೋದೈತ್ರಿ, ಮನಿ ಮಂದಿ ಮುಯ್ಯಿಗೆ ಬರ್ರಿ." ಧಣಿ ಹುಬ್ಬು ಗಂಟು ಹಾಕಿ, "ಚ್ಯಾಷ್ಟಿ ಸಾಕು, ಕೆಲಸಕ್ಕ ನಡೀರಿ" ಅಂದ. ನಾವು ನಡದ್ವಿ. ನೆಟ್ಟಿಗಲ್ಲ, ಚಿಗವ್ವನ ಹೊಲಕ್ಕ.

ಆ ದಿನ ನೆಟ್ಟಿನ್ಯಾಗ ಹೂ ಅರಳಿದ್ವು, ಮುಟ್ಟಾಕ ಕೈ ಇರ್ಲಿಲ್ಲ. ಮರುದಿನವೂ ಹಂಗ. ಸುಪರ್‌ವೈಜರ ಬೈಕಿನ ಮ್ಯಾಲ ಓಡಿ ಬಂದು, "ಮುಷ್ಕರ ಮಾಡ್ತೀರೇನು? ನೋಟೀಸು ಕೊಟ್ಟೀರೇನು?" ಅಂದ. ನಾನ ಅಂದೆ: "ಮುಷ್ಕರ ಕೆಲಸಗಾರರು ಮಾಡೋದಪ್ಪಾ. ನಾವು ಮುಯ್ಯಾಳು. ನಿಮ್ಮ ಧಣ್ಯಾರು ಮುಯ್ಯಿ ತೀರಿಸಿಲ್ಲ, ಅದಕ್ಕ ಬಂದಿಲ್ಲ." ಹೇಳುವಾಗ ಏನು ಸಂತೋಷ ಆತಂತೀರಿ! ಬಿ.ಎ. ಓದಿದ್ದು ಅವತ್ತು ಉಪಯೋಗಕ್ಕ ಬಂತು ನೋಡ್ರಿ.

ಧಣಿ ಸುಮ್ನ ಕುಂಡ್ರಲಿಲ್ಲ. ಪಕ್ಕದೂರಿಗೆ ಟ್ರ್ಯಾಕ್ಟರ್ ಕಳಿಸಿದ. ಅಲ್ಲಿ ಹೆಂಗಸರು ಟ್ರಾಲಿ ಹತ್ತೋಕಿಂತ ಮೊದ್ಲ ಕೇಳಿದ್ರಂತ: "ಕೂಲಿಗೋ, ಮುಯ್ಯಾಳಿಗೋ? ಮುಯ್ಯಾಳಿಗಾದ್ರ ಮೊದ್ಲ ನಿಮ್ಮ ಧಣ್ಯಾರು ಬಂದು ನಮ್ಮ ಜ್ವಾಳ ಕೊಯ್ದು ಹೋಗ್ಲಿ." ಕುಷ್ಟಗಿ ಸಭಾದ ಸುದ್ದಿ ಅವರಿಗೂ ಮುಟ್ಟಿತ್ತು. ಟ್ರ್ಯಾಕ್ಟರ್ ಖಾಲಿ ವಾಪಸ್ ಬಂತು. ಕೂಲಿಗೆ ಅಂತ ಹೇಳಿದ್ರ ಬರ್ತಿದ್ರೋ ಏನೋ. ಹೇಳಾಕ ಅವನಿಗೆ ಬಾಯಿ ಇರ್ಲಿಲ್ಲ, ಸಾಹೇಬ್ರ ಮುಂದ ಆಡಿದ ಮಾತಿತ್ತಲ್ಲ.

ನಮಗೂ ಸುಖ ಇತ್ತು ಅಂತ ತಿಳೀಬ್ಯಾಡ್ರಿ. ಗಂಡಸರು ಮನ್ಯಾಗ ಬೈದ್ರು. ನಮ್ಮಪ್ಪ ನನಗ, "ಓದಿಸಿದ್ದಕ್ಕ ಊರಿನ ಮಂದಿ ಕೆಲಸ ಕಳದಿ" ಅಂದ. ರೇಣವ್ವ ಸಂಜಿಗೊಮ್ಮೆ ಬಂದು, "ಸಾಕು ಬಿಡ್ರಿ, ನಾ ಬ್ಯಾರೆ ಏನಾದ್ರೂ ಮಾಡ್ಕೋತೀನಿ" ಅನ್ನಾಕಿ. ಚಿಗವ್ವಗೂ ಅಂಜಿಕಿ ಹತ್ತಿತ್ತು, ನನಗ ಗೊತ್ತು. ಆದ್ರ ದನಿ ದಿನದಿಂದ ದಿನಕ್ಕ ಸಣ್ಣ ಆಗ್ತಿತ್ತು.

ಆಮ್ಯಾಲ ಒಂದು ನಸಿಕಿನ್ಯಾಗ, ನಾವು ಕಡ್ಲಿ ಸಾಲಿನ್ಯಾಗ ಬಗ್ಗೀವಿ, ಬದುವಿನ ಹಂತ್ಯಾಕ ಬಿಳೀ ಕಾರು ಬಂದು ನಿಂತಿತು. ಇಳದದ್ದು ಧಣಿ ಅಲ್ಲ, ಧಣಿ ಅವ್ವ. ಶಿವಗಂಗವ್ವ. ಇಳಕಲ್ ಸೀರಿ ಕಚ್ಚಿ ಹಾಕಿ ಉಟ್ಟಿದ್ಲು. ಹಿಂದ ಸೊಸಿ, ಮುಖ ಸಪ್ಪಗ ಮಾಡ್ಕೊಂಡು.

"ದುರಗೀ, ಸಾಲು ತೋರಸು" ಅಂದ್ಲು ಮುದುಕಿ.

ಚಿಗವ್ವ ಗಡಬಡಿಸಿ ಎದ್ಲು. "ಅವ್ವಾರ, ನೀವ್ಯಾಕ..."

"ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು. ಸಭಾದಾಗ ಮುಯ್ಯಿ ಅಂದಾನಂತ ನನ್ನ ಮಗ. ಅಂದ ಮ್ಯಾಲ ತೀರಸಬೇಕು. ಅವನಿಗೆ ಕಾಲಿಲ್ಲ, ನನಗ ಅದಾವ. ನಮ್ಮ ಮನೆತನದ ಮ್ಯಾಲ ಯಾರದೂ ಮುಯ್ಯಿ ಇಟ್ಕೊಂಡು ನಾ ಸಾಯಂಗಿಲ್ಲ."

ಹೇಳಿ ಬಗ್ಗೇ ಬಿಟ್ಲು. ಏನು ಕಿತ್ಲಂತೀರಿ! ಕಡ್ಲಿ ಗಿಡದ ಹುಳಿ ಕೈಗೆ ಹತ್ತಿ ಸೊಸಿ ಹಾ ಹೂ ಅಂತಿದ್ಲು, ಮುದುಕಿ ತಿರುಗಿ ನೋಡ್ಲಿಲ್ಲ. ಹರೇದಾಗ ಹೊಲ ಮಾಡಿದ ಕೈ ಅದು, ವಾಡೆದಾಗ ಕುಂತ್ರೂ ಮರತಿರ್ಲಿಲ್ಲ. ಹೊತ್ತು ಏರಿತು. ಮುದುಕಿ ನಿಧಾನಕ ನಿಂತು, ಸೊಂಟದ ಮ್ಯಾಲ ಕೈ ಇಟ್ಕೊಂಡು ಆ ಕಡೆ ಈ ಕಡೆ ನೋಡಿದ್ಲು. ಒಂದು ಕಡೆ ರಸ್ತೆ. ಇನ್ನೊಂದು ಕಡೆ ಬಯಲು. ವಯಸ್ಸಾದ ಜೀವ, ತಡೀಲಿಕ್ಕಾಗವಲ್ದು, ಹೇಳಾಕೂ ಆಗವಲ್ದು.

ಚಿಗವ್ವ ನಮಗ ಕಣ್ಣ ಸನ್ನಿ ಮಾಡಿದ್ಲು. ನಾವು ಎದ್ದು ಹೋಗಿ, ಸೆರಗು ಹಿಡದು, ಬೆನ್ನು ತಿರುವಿ ಆಕಿ ಸುತ್ತ ದುಂಡಕ ನಿಂತ್ವಿ. ರೇಣವ್ವನೂ ನಿಂತ್ಲು, ತುಂಬಿದ ಹೊಟ್ಟಿ ಹೊತ್ಕೊಂಡು. ಯಾರೂ ನಗಲಿಲ್ಲ. ಮುದುಕಿ ಎದ್ದು ಸೀರಿ ಸರಿ ಮಾಡ್ಕೊಂಡು ಬಂದ್ಲು. ಆಮ್ಯಾಲ ಕೇಳಿದ್ಲು: "ನಮ್ಮ ಪ್ಲಾಟಿನ್ಯಾಗೂ ಹಿಂಗನ ಏನ?"

"ನಿಮ್ಮ ಪ್ಲಾಟಿನ್ಯಾಗ ಹಿಂಗ ನಿಂದ್ರಾಕೂ ಬಿಡಂಗಿಲ್ರಿ ಅವ್ವಾರ" ಅಂದ್ಲು ಚಿಗವ್ವ.

ಮುದುಕಿ ಕಾರು ಹತ್ತಿದ್ಲು. ಆ ಸಂಜಿ ವಾಡೆದಾಗ ಏನು ನಡೀತೋ ನನಗ ಗೊತ್ತಿಲ್ಲ. ಎರಡು ದಿನದಾಗ ನೆಟ್ಟಿನ ಬಾಗಿಲ ಮಗ್ಗಲಾಗ ತಗಡಿನ ಪಾಯಖಾನಿಗೋಳು ಎದ್ದು ನಿಂತ್ವು. ನೀರಿನ ಡ್ರಮ್ಮು, ಒಳಗ ಚಿಲಕ, ಎಲ್ಲಾ ಇದ್ವು. ಧಣಿ ಹೇಳಿ ಕಳಿಸಿದ: ಅವ್ವ ಹೇಳಿದ್ಲಂತ ಕಟ್ಟಿಸೀನಿ, ಕಾನೂನಿಗೆ ಅಂಜಿ ಅಲ್ಲ. ಬರ್ರಿ ಕೆಲಸಕ್ಕ.

ಹೆಂಗಸರು ಹೊಂಟ ನಿಂತ್ರು. ಯಾಕ ನಿಂದ್ರಬಾರದು? ಒಲಿ ಉರೀಬೇಕಲ್ಲ. ನಾನೂ ಆತು ಬಿಡು, ಗೆದ್ವಿ ಅನ್ಕೊಂಡೆ. ನೆಟ್ಟಿನ ಬಾಗಿಲ ಮುಂದ ಹೋಗಿ ಚಿಗವ್ವ ಕುಂತ ಬಿಟ್ಲು, ನೆಲದ ಮ್ಯಾಲ.

"ಈಕೀಗೇನಾತು?" ಅಂದ ಧಣಿ. ಮೇಡಂ ಬೆನ್ನು ಹತ್ತಿ ಕರ್ಕೊಂಡು ಬಂದಿದ್ದ ಕೊಪ್ಪಳದ ಸಾಹೇಬ್ರೂ ಅಲ್ಲೇ ನಿಂತಿದ್ರು.

"ದಾನ ಅಂತ ಕೊಟ್ರ ನಾಳಿ ಸಿಟ್ಟು ಬಂದ್ರ ಕಿತ್ಕೊಂಡು ಹೋಗ್ತೀರಿ ಧಣ್ಯಾರ. ನಮಗ ದಾನ ಬ್ಯಾಡ. ನಾವು ನಿಮ್ಮ ಕೆಲಸದವರು ಹೌದೋ ಅಲ್ಲೋ, ಈ ಸಾಹೇಬ್ರ ಮುಂದ ಹೇಳ್ರಿ. ಅಲ್ಲ ಅಂದ್ರ ಇನ್ನೂ ಭಾಳ ದಿನದ ಮುಯ್ಯಿ ಉಳದೈತಿ, ನಾಳಿ ಮತ್ತ ಅವ್ವಾರನ್ನ ಕಳಸ್ರಿ."

ಪರದಿಯೊಳಗ ಹಳದಿ ಹೂ ಕಾಣ್ತಿದ್ವು. ಅವತ್ತಿಂದು ಅವತ್ತ ಅರಳಿದ್ವು, ನಾಳಿಗೆ ಉಳಿಯೋವಲ್ಲ. ಧಣಿ ಹೂ ನೋಡಿದ, ಸಾಹೇಬ್ರನ್ನ ನೋಡಿದ, ನೆಲದ ಮ್ಯಾಲ ಕುಂತ ಚಿಗವ್ವನ ನೋಡಿದ. ಹಲ್ಲು ಕಡಕೊಂಡು ಅಂದ: "ಹೌದು. ನನ್ನ ಕೆಲಸದವರ."

"ರೇಣವ್ವನೂ?"

"ಆಕೀನೂ."

ಸಾಹೇಬ್ರು ಅವನ ಮಾತು ಅಲ್ಲೇ ಕಾಗದದ ಮ್ಯಾಲ ಬರಕೊಂಡ್ರು. ರೇಣವ್ವ ಎಲ್ಲಾರಿಗಿಂತ ಮೊದ್ಲ ಡ್ರಮ್ಮಿನ ನೀರು ತಂಬಿಗಿ ತುಂಬ ತಗೊಂಡು ಗಟಗಟ ಕುಡದ್ಲು. ಆಮ್ಯಾಲ ಒಳಗ ಹೋಗಿ ಚಿಲಕ ಹಾಕ್ಕೊಂಡ್ಲು. ಆ ಚಿಲಕದ ಸಪ್ಪಳ ಕೇಳಿ ನಾವೆಲ್ಲಾ ಹುಚ್ಚರಂಗ ನಕ್ವಿ. ನಾ ಅತ್ತೆ ಕೂಡ.

ಈ ಕತಿ ಇಲ್ಲಿಗೆ ಮುಗೀತು ಅನ್ಕೊಂಡಿದ್ವಿ ನಾವೆಲ್ಲಾ. ಚಿಗವ್ವ ಮಾತ್ರ ಅನ್ಕೊಂಡಿರ್ಲಿಲ್ಲ. ಕ್ರಾಸಿಂಗ್ ಮುಗಿದು, ಹುಣಸಿ ಹಣ್ಣು ಬಿಡಿಸೋ ದಿನ ಬಂದಾಗ ಒಂದು ಮುಂಜಾನಿ ನಮ್ಮನ್ನೆಲ್ಲಾ ಕೂಡಿಸಿ, "ನಡೀರಿ, ವಾಡೆಕ್ಕ ಹೋಗೋಣು. ಮುದುಕಿ ಮುಯ್ಯಿ ನಮ್ಮ ಮ್ಯಾಲ ಐತಿ" ಅಂದ್ಲು. ನಾ ಗಾಬರಿ ಆದೆ. ಅದ್ಹೆಂಗ ಅಂದೆ. "ಹೆಂಗಂದ್ರ? ನಾವು ಕೂಲಿಯವರು ಅಂತ ಆತಿಲ್ಲ? ಆದ ಮ್ಯಾಲ ಅವನ ಮ್ಯಾಲ ನಮ್ಮ ಮುಯ್ಯಿ ಯಾವುದೂ ಇರ್ಲಿಲ್ಲ. ಮುದುಕಿ ನನ್ನ ಕಡ್ಲಿ ಕಿತ್ತದ್ದು ಹಂಗಾದ್ರ ಬಾಕಿ ಆತಿಲ್ಲ? ತೀರಸಬೇಕು. ಅವರಂಗ ನಾವೂ ಮಾತು ತಿರುವಿದ್ರ ಹೆಂಗ?"

ಹೋದ್ವಿ. ಧಣಿ ಪಡಸಾಲ್ಯಾಗ ಕುರ್ಚಿ ಹಾಕ್ಕೊಂಡು ಕುಂತಿದ್ದ. ಅಷ್ಟು ಹೆಂಗಸರು ಒಮ್ಮೆಲೆ ಒಳಗ ಬಂದದ್ದು ನೋಡಿ ಎದ್ದ ನಿಂತ. "ಏನವ್ವಾ ಮತ್ತ?"

"ನಿಮ್ಮ ಹತ್ರ ಏನಿಲ್ರಿ. ಅವ್ವಾರ ಮುಯ್ಯಿಗೆ ಬಂದೀವಿ. ಹುಣಸಿ ಹಣ್ಣು ಬಿಡಿಸಿ ಕೊಡ್ತೀವಿ. ಕೂಲಿ ಕೊಡಾಕ ಬಂದ್ರ ತಗೊಳ್ಳಂಗಿಲ್ಲ, ಹೇಳಿರ್ತೀನಿ."

ಶಿವಗಂಗವ್ವ ಒಳಗಿಂದ ಬಂದ್ಲು. ಚಿಗವ್ವನ ಮಾರಿ ನೋಡಿ, ನಗಲಾರದ ನಕ್ಕು, "ಬಾ ದುರಗವ್ವಾ" ಅಂದ್ಲು. ದುರಗೀ ಅನ್ನಲಿಲ್ಲ. ಪಡಸಾಲ್ಯಾಗ ಚಾಪಿ ಹಾಸಿದ್ರು, ಹಣ್ಣಿನ ರಾಶಿ ಬಂತು. ನಾವೆಲ್ಲಾ ಸುತ್ತಗಟ್ಟಿ ಕುಂತ್ವಿ.

ಚಿಗವ್ವ ಕುಂಡ್ರಲಿಲ್ಲ. ಸೆರಗು ನಡುವಿಗೆ ಸಿಗಿಸಿಕೊಂಡು, ಪಡಸಾಲಿ ನಡುವ ನಿಂತು, ವಾಡೆ ಎಲ್ಲಾ ಕೇಳೋಹಂಗ ಕೇಳಿದ್ಲು. ಅವತ್ತು ಆಕಿ ದನಿ ಸಣ್ಣದಿರ್ಲಿಲ್ಲ.

"ಅವ್ವಾರ, ಕೆಲಸಕ್ಕ ಕುಂಡ್ರೋಕಿಂತ ಮೊದ್ಲ ಒಂದು ಮಾತು. ಪಾಯಖಾನಿ ಎಲ್ಲೈತ್ರಿ?"

ಆ ವಾಡೆದ ಒಳಗಿನ ಬಾಗಲಾ ನಮ್ಮ ಕೇರಿಯವರು ಯಾರೂ ದಾಟಿದ್ದಿಲ್ಲ. ಮುದುಕಿ ಒಳಗ ಕೈ ಮಾಡಿ ತೋರಿಸಿದ್ಲು. ದಾರಿಗೆ ಧಣಿ ಕುರ್ಚಿ ಅಡ್ಡ ಇತ್ತು. ಅವ ಕುರ್ಚಿ ಎತ್ತಿ ಒಂದು ಕಡೆ ಇಟ್ಟ. ದುರಗವ್ವ ಚಿಗವ್ವ ನಿಧಾನಕ, ಅವಸರ ಇಲ್ಲದ, ನಡಮನಿ ದಾಟಿ ಒಳಗ ಹೋದ್ಲು.